ಹಿಂದಿನ ಡ್ರಮ್ಮನ್ನು ಬಿಚ್ಚಬೇಡಿ

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕೊಂಡವನಿಗೆ ನಾಲ್ಕು ಜನ ಹೇಳುವ ಬುದ್ಧಿಮಾತು ಒಂದೇ: ಡ್ರಮ್ ಬ್ರೇಕು ಕಿತ್ತುಹಾಕು, ನಾಲ್ಕೂ ಚಕ್ರಕ್ಕೆ ಡಿಸ್ಕ್ ಹಾಕಿಸು. ಕ್ಯಾಲಿಫೋರ್ನಿಯಾದಲ್ಲೂ ಇದೇ ಮಾತು, ಬೆಂಗಳೂರಿನಲ್ಲೂ ಇದೇ ಮಾತು. ಡ್ರಮ್ ಎಂದರೆ ಹಳತು, ಹಳತೆಂದರೆ ಅಪಾಯ, ಡಿಸ್ಕ್ ಎಂದರೆ ಸುರಕ್ಷತೆ ಎಂಬ ಸಮೀಕರಣ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಹಿಂದಿನ ಡ್ರಮ್ಮನ್ನು ಉಳಿಸಿಕೊಂಡವನು ಹೆಂಡತಿಮಕ್ಕಳ ಜೀವದ ಬಗ್ಗೆ ಕಾಳಜಿ ಇಲ್ಲದವನು ಎಂಬ ಹಾಗೆ ನೋಡುತ್ತಾರೆ. ಈ ಮಾತಿನ ಅರ್ಧ ಭಾಗ ನಿಜ. ಮುಂದಿನ ಚಕ್ರಕ್ಕೆ ಡಿಸ್ಕ್ ಒಳ್ಳೆಯದು, ಅದರಲ್ಲಿ ನನಗೆ ತಕರಾರಿಲ್ಲ. ಉಳಿದರ್ಧವನ್ನು, ಅಂದರೆ ಹಿಂದಿನ ಚಕ್ರಕ್ಕೆ ಲೇತಿನಲ್ಲಿ ಬ್ರಾಕೆಟ್ ಮಾಡಿಸಿ ಯಾವುದೋ ಕಾರಿನ ಕ್ಯಾಲಿಪರ್ ಕೂರಿಸುವುದನ್ನು, ನಾನು ತಪ್ಪೆನ್ನುತ್ತೇನೆ. ಸಾಮಾನ್ಯ ಎಂಜಿನ್ನಿನ, ರಸ್ತೆಯಲ್ಲಿ ಓಡುವ ಬೀಟಲಿಗೆ ಅದರಿಂದ ಸುರಕ್ಷತೆ ಹೆಚ್ಚುವುದಿಲ್ಲ. ಬಹಳ ಸಲ ಇದ್ದದ್ದೂ ಹೋಗುತ್ತದೆ.

ಕಾರು ಮಾಡಿದವರು ಏನು ಮಾಡಿದರು ಎಂಬುದನ್ನು ಮೊದಲು ನೋಡೋಣ. 1950ರಲ್ಲಿ ಎಕ್ಸ್‌ಪೋರ್ಟ್ ಮಾಡೆಲಿನ ಬೀಟಲಿಗೆ ಕೇಬಲ್ ಬ್ರೇಕು ಹೋಗಿ ಹೈಡ್ರಾಲಿಕ್ ಬ್ರೇಕು ಬಂತು. 1966ರ ಆಗಸ್ಟಿನಲ್ಲಿ ಯುರೋಪಿನ 1500 ಬೀಟಲಿಗೂ ಕಾರ್ಮನ್ ಘಿಯಾಗೂ ಮುಂದೆ ಡಿಸ್ಕ್ ಬಂತು. ಹಿಂದೆ ಡ್ರಮ್ಮೇ ಉಳಿಯಿತು. 2003ರ ಜುಲೈ 30ರಂದು ಮೆಕ್ಸಿಕೋದ ಪುಯೆಬ್ಲಾದಲ್ಲಿ ಕೊನೆಯ ಬೀಟಲ್ ಹೊರಬಿದ್ದಾಗಲೂ ಹಿಂದೆ ಇದ್ದದ್ದು ಡ್ರಮ್. ಎರಡು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಬೀಟಲುಗಳಲ್ಲಿ ಕಾರ್ಖಾನೆಯಿಂದಲೇ ಹಿಂದೆ ಡಿಸ್ಕ್ ಹೊತ್ತು ಬಂದ ಮಾಡೆಲ್ ಒಂದೂ ಇಲ್ಲ. ದುಡ್ಡು ಉಳಿಸಲು ಹಾಗೆ ಮಾಡಿದರು ಎನ್ನುವವರಿದ್ದಾರೆ. ದುಡ್ಡಿನ ಲೆಕ್ಕ ಇದ್ದೇ ಇರುತ್ತದೆ. ಆದರೆ ತಾಂತ್ರಿಕ ಲೆಕ್ಕವೂ ಇತ್ತು, ಮತ್ತು ಆ ಲೆಕ್ಕ ಇವತ್ತಿಗೂ ಬದಲಾಗಿಲ್ಲ.

ಕಾರನ್ನು ನಿಲ್ಲಿಸುವುದು ಟೈರು. ಬ್ರೇಕು ಚಕ್ರವನ್ನು ಹಿಡಿಯುತ್ತದೆ, ಟೈರು ರಸ್ತೆಯನ್ನು ಹಿಡಿಯುತ್ತದೆ. ಗಂಟೆಗೆ 80 ಕಿಮೀ ವೇಗದಲ್ಲಿರುವ ಕಾರು, ಟೈರು ಮತ್ತು ರಸ್ತೆಯ ನಡುವಿನ ಹಿಡಿತ 0.8 ಇದ್ದರೆ, ನಿಲ್ಲಲು ಸುಮಾರು 31 ಮೀಟರ್ ತೆಗೆದುಕೊಳ್ಳುತ್ತದೆ. ಈ ಲೆಕ್ಕದಲ್ಲಿ ವೇಗ ಇದೆ, ಹಿಡಿತ ಇದೆ, ಗುರುತ್ವ ಇದೆ. ಡಿಸ್ಕೋ ಡ್ರಮ್ಮೋ ಎಂಬ ಪ್ರಶ್ನೆ ಎಲ್ಲೂ ಇಲ್ಲ. ಚಕ್ರವನ್ನು ಲಾಕ್ ಮಾಡುವಷ್ಟು ಬಲ ಬ್ರೇಕಿಗೆ ಇದ್ದರೆ ಮುಗಿಯಿತು, ಅದಕ್ಕಿಂತ ಹೆಚ್ಚಿನ ಬಲ ಒಂದು ಅಡಿಯನ್ನೂ ಕಡಿಮೆ ಮಾಡಲಾರದು. ಸರಿಯಾಗಿ ಅಡ್ಜಸ್ಟ್ ಆದ ಬೀಟಲಿನ ಹಿಂದಿನ ಡ್ರಮ್, ಪೆಡಲನ್ನು ಜೋರಾಗಿ ಒತ್ತಿದರೆ, ಹಿಂದಿನ ಚಕ್ರವನ್ನು ಲಾಕ್ ಮಾಡಬಲ್ಲದು. ಇದನ್ನು ಯಾವುದಾದರೂ ಖಾಲಿ ಮೈದಾನದಲ್ಲಿ ಯಾರು ಬೇಕಾದರೂ ನೋಡಬಹುದು.

ಹಾಗಾದರೆ ಡಿಸ್ಕಿನಿಂದ ಲಾಭ ಏನೂ ಇಲ್ಲವೇ? ಇದೆ. ಬಿಸಿಯಾದಾಗ ಡ್ರಮ್ಮಿನಷ್ಟು ಬೇಗ ಸೋಲುವುದಿಲ್ಲ. ನೀರಿನಲ್ಲಿ ನೆನೆದರೆ ಬೇಗ ಒಣಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ನೀರು ತುಂಬಿದ ರಸ್ತೆ ದಾಟಿ ಬಂದವರಿಗೆ ಇದು ಸಣ್ಣ ಮಾತಲ್ಲ. ಶೂ ಅಡ್ಜಸ್ಟ್ ಮಾಡುವ ರಗಳೆ ಇಲ್ಲ. ಆದರೆ ಬಿಸಿಯ ಮಾತನ್ನು ಅಳತೆ ಹಿಡಿದು ನೋಡಬೇಕು. ಇಬ್ಬರು ಕೂತ ಬೀಟಲ್ 900 ಕಿಲೋ ಎಂದಿಟ್ಟುಕೊಳ್ಳಿ. 100 ಕಿಮೀ ವೇಗದಿಂದ ನಿಂತರೆ ಸುಮಾರು 350 ಕಿಲೋಜೂಲ್ ಶಾಖವಾಗುತ್ತದೆ. ಒಂದೊಂದು ಡ್ರಮ್ಮಿನ ಕಬ್ಬಿಣ ಆರು ಕಿಲೋ ಎಂದುಕೊಂಡರೂ ನಾಲ್ಕು ಡ್ರಮ್ಮಿನ ಬಿಸಿ ಏರುವುದು ಸರಾಸರಿ ಮೂವತ್ತು ಡಿಗ್ರಿ ಆಸುಪಾಸು. ಒಂದು ಗಾಬರಿಯ ಬ್ರೇಕಿಗೆ ಡ್ರಮ್ ಸೋಲುತ್ತದೆ ಎನ್ನುವುದು ಶುದ್ಧ ಸುಳ್ಳು. ಸೋಲುವುದು ಘಟ್ಟ ಇಳಿಯುವಾಗ, ಅದೂ ಟಾಪ್ ಗೇರಿನಲ್ಲಿ ಬ್ರೇಕಿನ ಮೇಲೆಯೇ ಕಾಲಿಟ್ಟು ಇಳಿದರೆ. ಆಗುಂಬೆಯ 14 ತಿರುವುಗಳನ್ನು ಸೆಕೆಂಡ್ ಗೇರಿನಲ್ಲಿ ಇಳಿಯುವವನ ಎಂಜಿನ್ ಕಾರನ್ನು ಹಿಡಿದೇ ಇರುತ್ತದೆ. ಬೀಟಲಿನಲ್ಲಿ ಎಂಜಿನ್ನು ಹಿಡಿಯುವುದು ಯಾವ ಚಕ್ರವನ್ನು? ಹಿಂದಿನದನ್ನು. ಅಂದರೆ ಘಟ್ಟದಲ್ಲಿ ಹಿಂದಿನ ಬ್ರೇಕಿಗೆ ಈಗಾಗಲೇ ಒಬ್ಬ ಜೊತೆಗಾರ ಇದ್ದಾನೆ. ಬೇಯುವುದು ಮುಂದಿನ ಬ್ರೇಕು. ಡಿಸ್ಕ್ ಬೇಕಾದದ್ದೂ ಅಲ್ಲಿಗೇ.

ಇಲ್ಲಿಗೆ ಬಂದಾಗ ಎದುರು ವಾದದವರ ಬಳಿ ಒಂದು ಬಲವಾದ ಮಾತಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಬೀಟಲ್ ಹಿಂದೆ ಎಂಜಿನ್ ಇರುವ ಕಾರು. ತೂಕದಲ್ಲಿ ನೂರಕ್ಕೆ ಅರವತ್ತು ಪಾಲು ಹಿಂದಿನ ಚಕ್ರಗಳ ಮೇಲಿದೆ. ಆದ್ದರಿಂದ ಬೇರೆ ಕಾರುಗಳಿಗಿಂತ ಹಿಂದಿನ ಬ್ರೇಕಿಗೆ ಇಲ್ಲಿ ಹೆಚ್ಚು ಕೆಲಸ. ಪೋರ್ಷೆಯವರು ತಮ್ಮ ಏರ್‌ಕೂಲ್ಡ್ ಕಾರುಗಳಿಗೆ ನಾಲ್ಕೂ ಡಿಸ್ಕ್ ಹಾಕಲಿಲ್ಲವೇ? ಹಾಕಿದರು. 1963ರ 356ಸಿ ಬಂದದ್ದೇ ನಾಲ್ಕು ಡಿಸ್ಕಿನೊಂದಿಗೆ, ಮರುವರ್ಷ ಬಂದ 911 ಕೂಡ ಹಾಗೆಯೇ. ಆದರೆ ಅವರು ಹೇಗೆ ಹಾಕಿದರು ಎಂಬುದನ್ನು ಈ ವಾದ ಮಾಡುವವರು ನೋಡುವುದೇ ಇಲ್ಲ.

ಬ್ರೇಕ್ ಹಾಕಿದಾಗ ತೂಕ ಮುಂದಕ್ಕೆ ಬರುತ್ತದೆ. ಬೀಟಲಿನ ವೀಲ್‌ಬೇಸ್ 2400 ಮಿಮೀ. ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರ್ ಮೇಲಿದೆ ಎಂದು ಹಿಡಿದರೆ, 0.8 ಜಿ ಅಷ್ಟು ಜೋರಾಗಿ ಬ್ರೇಕ್ ಹಾಕಿದಾಗ ತೂಕದ ಶೇ. 17ರಷ್ಟು ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ. 40:60 ಇದ್ದದ್ದು 57:43 ಆಗುತ್ತದೆ. ಅಂದರೆ ಗಾಬರಿಯ ಬ್ರೇಕಿನಲ್ಲಿ, ಹಿಂದೆ ಎಂಜಿನ್ ಇರುವ ಈ ಕಾರಿನಲ್ಲೂ, ಮುಂದಿನ ಚಕ್ರದ ಮೇಲೇ ಹೆಚ್ಚು ಭಾರ. ಮುಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ತಿರುಗದೆ ನೇರ ಹೋಗುತ್ತದೆ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಾರಿನ ಹಿಂಭಾಗ ಮುಂದಕ್ಕೆ ಬರಲು ನೋಡುತ್ತದೆ. ಭಾರವಾದ ಎಂಜಿನ್ನು ಹಿಂದಿನ ಆಕ್ಸಲ್ಲಿಗೂ ಆಚೆ ನೇತಾಡುವ ಬೀಟಲಿನಲ್ಲಿ ಒಮ್ಮೆ ಹಿಂಭಾಗ ತಿರುಗಲು ಶುರುವಾದರೆ ಸಾಮಾನ್ಯ ಚಾಲಕನ ಕೈಯಲ್ಲಿ ಅದು ಮತ್ತೆ ನೆಟ್ಟಗಾಗುವುದಿಲ್ಲ. ಸ್ವಿಂಗ್ ಆಕ್ಸಲ್ ಇರುವ ಹಳೆಯ ಮಾಡೆಲುಗಳಲ್ಲಿ ಇದು ಇನ್ನೂ ಕೆಟ್ಟದ್ದು: ಬ್ರೇಕ್ ಹಾಕಿದಾಗ ಕಾರಿನ ಹಿಂಭಾಗ ಮೇಲೇಳುತ್ತದೆ, ಚಕ್ರದ ಕೆಳಭಾಗ ಒಳಕ್ಕೆ ಮಡಚುತ್ತದೆ. ಇದೇ ಬಗೆಯ ಸ್ವಿಂಗ್ ಆಕ್ಸಲ್ ಇದ್ದ, ಏರ್‌ಕೂಲ್ಡ್ ಎಂಜಿನ್ನನ್ನು ಹಿಂದೆ ಹೊತ್ತ ಇನ್ನೊಂದು ಕಾರು, ಅಮೆರಿಕದ ಷೆವ್ರೊಲೆ ಕೋರ್ವೇರ್, 1965ರಲ್ಲಿ ಕಾರುಗಳ ಅಸುರಕ್ಷತೆಯ ಬಗ್ಗೆ ರಾಲ್ಫ್ ನೇಡರ್ ಬರೆದ ಪುಸ್ತಕದ ಮೊದಲ ಅಧ್ಯಾಯವೇ ಆಯಿತು.

ಈಗ ಪೋರ್ಷೆಯ ಲೆಕ್ಕ. 1969ರ ನಂತರದ ಸಾಮಾನ್ಯ 911ರ ಕ್ಯಾಲಿಪರಿನಲ್ಲಿ ಮುಂದಿನ ಪಿಸ್ಟನ್ 48 ಮಿಮೀ, ಹಿಂದಿನದು 38 ಮಿಮೀ. ವಿಸ್ತೀರ್ಣದಲ್ಲಿ ಮುಂದಿನದು ಹಿಂದಿನದಕ್ಕಿಂತ 1.6 ಪಟ್ಟು. ಹಿಂದೆ ಎಂಜಿನ್ ಇಟ್ಟವರೇ ಮುಂದಕ್ಕೆ ಇಷ್ಟು ಹೆಚ್ಚು ಬಲ ಕೊಟ್ಟರು. ಫೋಕ್ಸ್‌ವ್ಯಾಗನ್ ಮತ್ತು ಪೋರ್ಷೆ ಸೇರಿ ತಂದ 914ರಲ್ಲಿ ನಾಲ್ಕೂ ಡಿಸ್ಕ್ ಇತ್ತು, ಜೊತೆಗೆ ಹಿಂದಿನ ಬ್ರೇಕಿಗೆ ಹೋಗುವ ಒತ್ತಡವನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೂಡ ಇತ್ತು. ಕಾರ್ಖಾನೆಯವರು ಹಿಂದೆ ಡಿಸ್ಕ್ ಹಾಕಿದಾಗ ಮಾಸ್ಟರ್ ಸಿಲಿಂಡರ್, ಪಿಸ್ಟನ್, ಒತ್ತಡ, ಹ್ಯಾಂಡ್ ಬ್ರೇಕ್ ಎಲ್ಲವನ್ನೂ ಒಟ್ಟಿಗೆ ಕೂಡಿಸಿ ಕಳೆದು ಹಾಕಿದರು. ನಮ್ಮ ಗ್ಯಾರೇಜುಗಳಲ್ಲಿ ಆಗುವುದು ಹಾಗಲ್ಲ. ಯಾವುದೋ ಕಾರಿನ ಕ್ಯಾಲಿಪರ್ ಸಿಕ್ಕಿತು, ಅದರ ಅಳತೆಗೆ ಬ್ರಾಕೆಟ್ ಮಾಡಿಸಿದರು, ಕೂತಿತು, ಸೈ.

ಕೂತರೆ ಸಾಲದು. ಬೀಟಲಿನ ಹಿಂದಿನ ಡ್ರಮ್ಮಿನ ವೀಲ್ ಸಿಲಿಂಡರ್ ವ್ಯಾಸ 17.46 ಮಿಮೀ. ಅಷ್ಟು ಸಣ್ಣದೇಕೆಂದರೆ ಡ್ರಮ್ಮಿನಲ್ಲಿ ಮುಂದಿನ ಶೂ ತಿರುಗುವ ಡ್ರಮ್ಮಿಗೆ ತಾನೇ ಕಚ್ಚಿಕೊಂಡು ಬಲವನ್ನು ಹೆಚ್ಚಿಸಿಕೊಳ್ಳುತ್ತದೆ. ಪೆಡಲಿನಿಂದ ಬಂದ ಬಲ ಅಲ್ಲಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಡಿಸ್ಕಿಗೆ ಈ ಗುಣ ಇಲ್ಲ. ಪ್ಯಾಡಿನ ಘರ್ಷಣೆ 0.4 ಇದ್ದರೆ ಎರಡು ಪ್ಯಾಡ್ ಸೇರಿ 0.8 ಪಟ್ಟು ಮಾತ್ರ. ಅದಕ್ಕಾಗಿಯೇ ಕ್ಯಾಲಿಪರಿನ ಪಿಸ್ಟನ್ ದೊಡ್ಡದು. 38 ಮಿಮೀ ಪಿಸ್ಟನ್ನಿನ ಕ್ಯಾಲಿಪರ್ ಹಾಕಿದರೆ ವಿಸ್ತೀರ್ಣ 17.46ರದ್ದಕ್ಕಿಂತ 4.7 ಪಟ್ಟು. ಎಲ್ಲ ಗುಣಿಸಿ ಭಾಗಿಸಿದರೆ, ಅದೇ ಪೆಡಲ್ ಒತ್ತಡಕ್ಕೆ ಹಿಂದಿನ ಬ್ರೇಕು ಮೊದಲಿಗಿಂತ ಒಂದೂಮುಕ್ಕಾಲು ಪಟ್ಟಿಗೂ ಹೆಚ್ಚು ಬಲ ಹಾಕುತ್ತದೆ. ಮುಂದೆ 40 ಮಿಮೀ ಪಿಸ್ಟನ್ನಿನ ಮೂಲ ಡಿಸ್ಕ್, ಹಿಂದೆ ಡ್ರಮ್ ಇರುವ ಬೀಟಲಿನಲ್ಲಿ ಬಲದ ಹಂಚಿಕೆ ಇದೇ ಲೆಕ್ಕದಲ್ಲಿ ಸುಮಾರು 68:32 ಬರುತ್ತದೆ. ಹಿಂದೆಯೂ ಡಿಸ್ಕ್ ಬಂದರೆ 54:46. ಬೇಕಾದದ್ದು 57:43 ಎಂದು ಮೇಲೆ ನೋಡಿದೆವು. ಅಂದರೆ ಗಾಬರಿಯ ಬ್ರೇಕಿನ ಆ ಒಂದು ಕ್ಷಣದಲ್ಲಿ ಮೊದಲು ಲಾಕ್ ಆಗುವುದು ಹಿಂದಿನ ಚಕ್ರ. ಮುಂದೆ ಡ್ರಮ್ ಬಿಟ್ಟು ಹಿಂದೆ ಮಾತ್ರ ಡಿಸ್ಕ್ ಹಾಕಿಸಿದವರೂ ಇದ್ದಾರೆ. ಆ ಕಾರನ್ನು ರಸ್ತೆಗೆ ತರುವುದೇ ತಪ್ಪು.

‘ಅದಕ್ಕೇ ತಾನೇ ಪ್ರಪೋರ್ಷನಿಂಗ್ ವಾಲ್ವ್ ಇರುವುದು’ ಎನ್ನುತ್ತಾರೆ. ಹಿಂದಿನ ಲೈನಿಗೆ ಒಂದು ವಾಲ್ವ್ ಹಾಕಿ, ಅದರ ತಿರುಪು ತಿರುಗಿಸಿ ಹಿಂದಿನ ಒತ್ತಡ ಇಳಿಸಿದರಾಯಿತಂತೆ. ಎಲ್ಲಿಯವರೆಗೆ ಇಳಿಸುವುದು? ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಲಾಕ್ ಆಗದಷ್ಟಕ್ಕೆ. ಹಾಗೆ ಇಳಿಸಿದ ಮೇಲೆ ಹಿಂದಿನ ಡಿಸ್ಕಿನ ಬಲದಲ್ಲಿ ಒಂದು ಭಾಗ ಬಳಕೆಗೇ ಬರುವುದಿಲ್ಲ. ಇದಕ್ಕಾಗಿ ರೋಟರ್, ಕ್ಯಾಲಿಪರ್, ಬ್ರಾಕೆಟ್, ಹೋಸ್, ವಾಲ್ವ್, ಕೂಲಿ ಎಂದು ಸಾವಿರಾರು ರೂಪಾಯಿ. ಗುಡ್ಡ ಅಗೆದು ಇಲಿ ಹಿಡಿದ ಹಾಗೆ. ಹಿಂದಿನ ಚಕ್ರದಲ್ಲಿ ಬಳಕೆಯಾಗದ ಹಿಡಿತ ಉಳಿದಿದೆ, ಅದನ್ನು ಬಳಸಿಕೊಳ್ಳಬೇಕು ಎಂಬುದೇ ಆಸೆಯಾದರೆ 19.05 ಮಿಮೀ ವೀಲ್ ಸಿಲಿಂಡರಿನಿಂದ ಹಿಂದಿನ ಬಲ ಶೇ. 19 ಹೆಚ್ಚುತ್ತದೆ, ಹಂಚಿಕೆ 64:36ರ ಹತ್ತಿರ ಬರುತ್ತದೆ, ಡ್ರಮ್ಮೂ ಉಳಿಯುತ್ತದೆ, ಹ್ಯಾಂಡ್ ಬ್ರೇಕೂ ಉಳಿಯುತ್ತದೆ.

ಹ್ಯಾಂಡ್ ಬ್ರೇಕಿನ ವಿಷಯದಲ್ಲಿ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಎರಡು ಸೀಟಿನ ನಡುವಿನ ಲಿವರಿನಿಂದ ಎರಡು ಕೇಬಲುಗಳು ನಡುವಿನ ಟನೆಲ್ಲಿನೊಳಗಿಂದ ಹಿಂದಕ್ಕೆ ಹೋಗಿ, ಡ್ರಮ್ಮಿನೊಳಗಿನ ಸಣ್ಣ ಲಿವರನ್ನು ಎಳೆದು ಎರಡೂ ಶೂಗಳನ್ನು ಅಗಲಿಸುತ್ತವೆ. ಎಣ್ಣೆ ಇಲ್ಲ, ಸೀಲ್ ಇಲ್ಲ, ಬರೀ ಉಕ್ಕು. ಅಮೆರಿಕಕ್ಕೆ ಹೋದ ಬೀಟಲುಗಳಿಗೆ 1967ರ ಮಾಡೆಲಿನಲ್ಲಿ ಡ್ಯುಯಲ್ ಸರ್ಕ್ಯೂಟ್ ಬ್ರೇಕು ಬಂತು. ಅದಕ್ಕೂ ಹಿಂದಿನ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು. ಒಂದು ರಬ್ಬರ್ ಹೋಸ್ ಒಡೆದರೆ ಪೆಡಲ್ ಸೀದಾ ನೆಲಕ್ಕೆ. ಆಗ ಕೈಗೆ ಸಿಗುವುದು ಈ ಹ್ಯಾಂಡ್ ಬ್ರೇಕ್ ಒಂದೇ. ಅಗ್ಗದ ಡಿಸ್ಕ್ ಕಿಟ್‌ಗಳಲ್ಲಿ ಹ್ಯಾಂಡ್ ಬ್ರೇಕಿನ ಏರ್ಪಾಡೇ ಇರುವುದಿಲ್ಲ. ಕಾರು ಗೇರಿನಲ್ಲಿಟ್ಟು ನಿಲ್ಲಿಸಿ ಎನ್ನುತ್ತಾರೆ. ಕೆಲವರು ಹೈಡ್ರಾಲಿಕ್ ಲೈನ್ ಲಾಕ್ ಹಾಕುತ್ತಾರೆ. ಒತ್ತಡ ಹಿಡಿದಿಟ್ಟು ಚಕ್ರ ನಿಲ್ಲಿಸುವ ಸಾಧನ ಅದು. ಬಿಸಿಯಾಗಿದ್ದ ಬ್ರೇಕ್ ಆಯಿಲ್ ತಣ್ಣಗಾಗಿ ಕುಗ್ಗಿದರೆ ಒತ್ತಡವೂ ಇಳಿಯುತ್ತದೆ, ಇಳಿಜಾರಿನಲ್ಲಿ ನಿಂತ ಕಾರು ಯಾರೂ ಇಲ್ಲದಾಗ ಹೊರಡುತ್ತದೆ. ಕಾಲಿನ ಬ್ರೇಕು ಮತ್ತು ಪಾರ್ಕಿಂಗ್ ಬ್ರೇಕು ಒಂದನ್ನೊಂದು ಅವಲಂಬಿಸದೆ ಕೆಲಸ ಮಾಡಬೇಕು ಎಂದು ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಒಳ್ಳೆಯ ಕಿಟ್‌ಗಳಲ್ಲಿ ಕೇಬಲ್ ಎಳೆಯುವ ಕ್ಯಾಲಿಪರ್ ಬರುತ್ತದೆ, ನಿಜ. 914ರ ಹಿಂದಿನ ಕ್ಯಾಲಿಪರ್ ಅಂಥದ್ದೇ, ಕಾರ್ಖಾನೆಯಲ್ಲೇ ಮಾಡಿದ್ದು. ಅದರ ಪ್ಯಾಡು ಮತ್ತು ಡಿಸ್ಕಿನ ನಡುವೆ 0.2 ಮಿಮೀ ಅಂತರ ಕೈಯಾರೆ ಇಡಬೇಕು, ಬಳಸದೆ ಬಿಟ್ಟರೆ ಜಾಮ್ ಆಗುತ್ತದೆ ಎಂಬ ದೂರು ಆ ಕಾರಿನವರಿಂದ ಇಂದಿಗೂ ಕೇಳುತ್ತೇವೆ. ವಾರಕ್ಕೊಮ್ಮೆ ಭಾನುವಾರ ಹೊರಬರುವ ಹಳೆಯ ಕಾರಿಗೆ ಇದಕ್ಕಿಂತ ಅನುಚಿತವಾದದ್ದು ಬೇಕೇ?

ಬ್ರಾಕೆಟ್ಟಿನ ಬಗ್ಗೆ ಎರಡು ಮಾತು. ಜೋರಾಗಿ ಬ್ರೇಕ್ ಹಾಕಿದಾಗ ಹಿಂದಿನ ಒಂದೊಂದು ಚಕ್ರದ ಬ್ರೇಕಿನ ಬಲವೆಲ್ಲ ಕ್ಯಾಲಿಪರಿನ ಮೂಲಕ ಬ್ರಾಕೆಟ್ಟಿಗೆ ಬರುತ್ತದೆ. ಮೇಲಿನ ಅಂಕಿಗಳ ಜೊತೆ ಟೈರು ಮತ್ತು ಡಿಸ್ಕಿನ ತ್ರಿಜ್ಯವನ್ನೂ ಸೇರಿಸಿ ಲೆಕ್ಕ ಹಾಕಿದರೆ ಸುಮಾರು 430 ಕಿಲೋ. ಪ್ರತಿ ಬ್ರೇಕಿಗೂ ಒಮ್ಮೆ ಎಳೆತ, ಒಮ್ಮೆ ಬಿಡುಗಡೆ, ವರ್ಷಗಟ್ಟಲೆ. ಒಳಮೂಲೆಯನ್ನು ಚೂಪಾಗಿ ಕತ್ತರಿಸಿದ, ಯಾವ ಉಕ್ಕು ಎಂದು ಯಾರಿಗೂ ಗೊತ್ತಿಲ್ಲದ ಪ್ಲೇಟು ಅಲ್ಲಿಂದಲೇ ಬಿರುಕು ಬಿಡಲು ಶುರುವಾಗುತ್ತದೆ. ಬಣ್ಣದ ಕೆಳಗಿನ ಬಿರುಕು ಕಣ್ಣಿಗೆ ಬೀಳುವುದಿಲ್ಲ. ಲೇತಿನವರ ಕೈಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಅವರಿಗೆ ಕೊಟ್ಟದ್ದು ರಟ್ಟಿನ ಮೇಲೆ ಗೀಚಿದ ಆಕಾರ, ಭಾರದ ಲೆಕ್ಕವನ್ನು ಯಾರೂ ಕೊಟ್ಟಿರುವುದಿಲ್ಲ.

ಇಷ್ಟೆಲ್ಲ ಹೇಳಿದರೂ ‘ನನ್ನ ಡ್ರಮ್ ಹಿಡಿಯುವುದೇ ಇಲ್ಲವಲ್ಲ’ ಎನ್ನುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ನಾನೇ ನಿಂತು ನೋಡಿದ್ದು: ಹುಡುಗನೊಬ್ಬ ತನ್ನ ತಾತನ ಕಾಲದ ಸ್ವಿಂಗ್ ಆಕ್ಸಲ್ ಬೀಟಲ್ ತಂದಿದ್ದ. ‘ಹಿಂದಿನದು ಹಿಡಿಯೋದೇ ಇಲ್ಲ ಅಣ್ಣಾ, ಡಿಸ್ಕ್ ಹಾಕ್ಸಿಬಿಡೋಣ’ ಎಂದ. ಹಳೆಯ ಮೆಕ್ಯಾನಿಕ್ ಏನೂ ಹೇಳದೆ 36 ಮಿಮೀ ಸಾಕೆಟ್ಟಿಗೆ ಉದ್ದನೆ ಪೈಪು ತೂರಿಸಿ ಆಕ್ಸಲ್ ನಟ್ ಸಡಿಲಿಸಿದರು. 30 ಕಿಲೋಗ್ರಾಂ-ಮೀಟರ್ ಟಾರ್ಕಿಗೆ ಬಿಗಿಯಬೇಕಾದ ನಟ್ ಅದು, ಸುಲಭಕ್ಕೆ ಬರುವುದಿಲ್ಲ. ಡ್ರಮ್ ಹೊರಬಂದಾಗ ಮೊದಲು ಬಂದದ್ದು ಗೇರ್ ಆಯಿಲಿನ ಗಂಧಕದಂಥ ವಾಸನೆ. ಶೂಗಳ ಲೈನಿಂಗ್ ಕಪ್ಪಗೆ ಮಿರಿಮಿರಿ ಹೊಳೆಯುತ್ತಿತ್ತು. ಬ್ಯಾಕಿಂಗ್ ಪ್ಲೇಟಿನ ಕೆಳಗಡೆ ಎಣ್ಣೆ ಮತ್ತು ಧೂಳು ಸೇರಿ ಗಟ್ಟಿಯಾದ ಮಡ್ಡಿ. ಮೆಕ್ಯಾನಿಕ್ ಬೆರಳಿನಿಂದ ಅದನ್ನು ತೆಗೆದು ತೋರಿಸಿ, ‘ಸಾರ್, ಆಕ್ಸಲ್ ಸೀಲ್ ಹೋಗಿದೆ. ನೀವು ಡಿಸ್ಕ್ ಹಾಕ್ಸಿದ್ರೂ ಈ ಎಣ್ಣೆ ಡಿಸ್ಕ್ ಮೇಲೇ ಬೀಳೋದು’ ಎಂದರು. ಸೀಲ್ ಬದಲಾಯಿತು, ಶೂಗೆ ಹೊಸ ಲೈನರ್ ಹಾಕಿಸಿದ್ದಾಯಿತು, ಡ್ರಮ್ಮನ್ನು ಲೇತಿನಲ್ಲಿ ಹಿಡಿಸಿ ದುಂಡಗೆ ಮಾಡಿಸಿದ್ದಾಯಿತು. ಬ್ಯಾಕಿಂಗ್ ಪ್ಲೇಟಿನ ತೂತಿನಿಂದ ಸ್ಕ್ರೂಡ್ರೈವರ್ ತೂರಿಸಿ ಅಡ್ಜಸ್ಟರಿನ ಹಲ್ಲನ್ನು ಒಂದೊಂದೇ ತಿರುಗಿಸಿ, ಚಕ್ರ ಹಿಡಿದ ಕೂಡಲೇ ಮೂರ್ನಾಲ್ಕು ಹಲ್ಲು ಹಿಂದಕ್ಕೆ ಬಿಟ್ಟರು. ಹಿಂದಿನ ಬ್ರೇಕು ಹಿಡಿಯಿತು.

ಹಿಡಿಯದ ಡ್ರಮ್ಮುಗಳಲ್ಲಿ ಬಹುಪಾಲಿನ ಕಥೆ ಹೀಗೆಯೇ ಇರುತ್ತದೆ. ಸೋರುವ ಸೀಲು, ಓವಲ್ ಆದ ಡ್ರಮ್ಮು, ಒಳಗೆ ಊದಿ ದಾರಿ ಮುಚ್ಚಿಕೊಂಡ ರಬ್ಬರ್ ಹೋಸು, ಯಾರೂ ಅಡ್ಜಸ್ಟ್ ಮಾಡದ ಶೂ. ಇನ್ನೊಂದು ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ಆಯಿಲ್ ಕುದಿಯುವುದು ಕಡಿಮೆಯೆಂದರೆ 230 ಡಿಗ್ರಿಗೆ. ನೀರು ಹೀರಿದ ಮೇಲೆ ಅದರ ಮಿತಿ 155ಕ್ಕೆ ಇಳಿಯುತ್ತದೆ. ಘಟ್ಟದಲ್ಲಿ ಪೆಡಲ್ ಸ್ಪಂಜಿನಂತಾದರೆ ಜನ ಡ್ರಮ್ಮನ್ನು ಬೈಯುತ್ತಾರೆ, ಕುದಿದದ್ದು ಆಯಿಲ್ ಆಗಿರುತ್ತದೆ. ಅದೇ ಹಳೆಯ ಆಯಿಲ್ ಬಿಟ್ಟುಕೊಂಡರೆ ಡಿಸ್ಕಿನಲ್ಲೂ ಕುದಿಯುತ್ತದೆ. ಡಿಸ್ಕ್ ಹಾಕಿಸಿದವರಿಗೆ ‘ಆಹಾ, ಈಗ ಎಷ್ಟು ಚೆನ್ನಾಗಿ ಹಿಡಿಯುತ್ತದೆ’ ಎನ್ನಿಸಲು ಕಾರಣ, ಆ ನೆಪದಲ್ಲಿ ಹೋಸು, ಆಯಿಲ್, ಸೀಲು ಎಲ್ಲ ಹೊಸದಾಗಿರುವುದು. ಹೊಗಳಿಕೆ ಮಾತ್ರ ಡಿಸ್ಕಿಗೆ ಸಲ್ಲುತ್ತದೆ.

ಡ್ರಮ್ ಎಂಬುದು ಕಾಲ ಮೀರಿದ ತಂತ್ರ ಎನ್ನುವವರು ಫೋಕ್ಸ್‌ವ್ಯಾಗನ್ ಕಂಪನಿಯ ಇಂದಿನ ಕಾರುಗಳ ಹಿಂದಿನ ಚಕ್ರವನ್ನು ಬಗ್ಗಿ ನೋಡಲಿ. ಐಡಿ.3 ಮತ್ತು ಐಡಿ.4 ವಿದ್ಯುತ್ ಕಾರುಗಳು; ಮೋಟಾರು ಹಿಂದೆ, ಓಡಿಸುವುದು ಹಿಂದಿನ ಚಕ್ರ, ತೂಕ 1700 ಕಿಲೋಗೂ ಮೇಲೆ. ಹಿಂದೆ ಇರುವುದು ಡ್ರಮ್. ಅಲ್ಲಿ ಮೋಟಾರೇ ಹಿಂದಿನ ಚಕ್ರವನ್ನು ಹಿಡಿದು ಬಹುಪಾಲು ಬ್ರೇಕಿನ ಕೆಲಸ ಮಾಡುತ್ತದೆ, ಅಪರೂಪಕ್ಕೆ ಬಳಕೆಯಾಗುವ ಡಿಸ್ಕ್ ತುಕ್ಕು ಹಿಡಿಯುತ್ತದೆ, ಮುಚ್ಚಿದ ಡ್ರಮ್ಮಿಗೆ ಅಷ್ಟಾಗಿ ತುಕ್ಕು ಹಿಡಿಯುವುದಿಲ್ಲ. ಬೀಟಲಿನ ಎಂಜಿನ್ ಬ್ರೇಕಿಂಗ್ ಅಷ್ಟು ಬಲದ್ದಲ್ಲ ಎಂಬುದು ಸರಿ. ಆದರೆ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಹಳೆಯ ಕಾರಿಗೂ, ಮಂಗಳೂರಿನ ಉಪ್ಪುಗಾಳಿಗೂ, ತುಕ್ಕಿನ ಮಾತು ಅಷ್ಟೇ ಅನ್ವಯಿಸುತ್ತದೆ.

ಭಾರತದಲ್ಲಿ ಇನ್ನೊಂದು ತೊಡಕೂ ಇದೆ. 2021ರ ಜುಲೈನಲ್ಲಿ ಬಂದ ನಿಯಮದಂತೆ, ಐವತ್ತು ವರ್ಷ ಮೀರಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬೇಕಾದರೆ ಅದು ಮೂಲ ರೂಪದಲ್ಲಿರಬೇಕು, ಅದರಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಬ್ರೇಕು ಬದಲಿಸಿದ್ದನ್ನು ಅಧಿಕಾರಿ ಹೇಗೆ ನೋಡಿಯಾನು ಎಂಬ ಅನಿಶ್ಚಯವನ್ನು ಕೈಯಾರೆ ಮೈಮೇಲೆ ಎಳೆದುಕೊಳ್ಳುವುದೇಕೆ?

ಎಲ್ಲ ಬೀಟಲಿಗೂ ಈ ಮಾತು ಅನ್ವಯಿಸುವುದಿಲ್ಲ. ಎರಡು ಲೀಟರ್ ಎಂಜಿನ್ ಕೂರಿಸಿ, ಮೂಲದ ಎರಡು ಮೂರು ಪಟ್ಟು ಶಕ್ತಿ ಬರಿಸಿ, ಟ್ರ್ಯಾಕಿನಲ್ಲಿ ಸುತ್ತಿನ ಮೇಲೆ ಸುತ್ತು ಓಡಿಸುವವರಿಗೆ ಹಿಂದೆ ಡಿಸ್ಕ್ ಬೇಕೇ ಬೇಕು. ಅವರ ಬ್ರೇಕಿಗೆ ತಣ್ಣಗಾಗಲು ಬಿಡುವಿರುವುದಿಲ್ಲ. ಅಂಥವರು ಬ್ರಾಕೆಟ್ ಮಾಡಿಸುವ ಮೊದಲು ಪಿಸ್ಟನ್ನಿನ ಅಳತೆ, ಮಾಸ್ಟರ್ ಸಿಲಿಂಡರಿನ ಅಳತೆ, ಡ್ರಮ್ಮಿಗೆಂದು ಲೈನಿನಲ್ಲಿ ಒತ್ತಡ ಉಳಿಸುವ ವಾಲ್ವ್ ಇದ್ದರೆ ಅದನ್ನು ತೆಗೆದಿದ್ದಾರೋ ಇಲ್ಲವೋ, ಚಕ್ರ ಎಷ್ಟು ಮಿಮೀ ಹೊರಗೆ ಬರುತ್ತದೆ, ಮಡ್‌ಗಾರ್ಡಿಗೆ ಉಜ್ಜುತ್ತದೆಯೋ ಎಂಬುದನ್ನೆಲ್ಲ ಕಾಗದದ ಮೇಲೆ ಕೇಳಿ ಪಡೆಯಲಿ. ಹ್ಯಾಂಡ್ ಬ್ರೇಕ್ ಇಲ್ಲದ ಕಿಟ್ಟನ್ನು ರಸ್ತೆಗೆ ಬರುವ ಯಾವ ಕಾರಿಗೂ ಮುಟ್ಟಿಸಬಾರದು.

ಉಳಿದವರ ದುಡ್ಡು ಹೋಗಬೇಕಾದ ದಾರಿ ಬೇರೆ ಇದೆ. ಸಿಂಗಲ್ ಸರ್ಕ್ಯೂಟ್ ಇದ್ದರೆ ಡ್ಯುಯಲ್ ಮಾಸ್ಟರ್ ಸಿಲಿಂಡರ್ ಹಾಕಿಸಿ, ಉಳಿದದ್ದೆಲ್ಲ ಅದರ ನಂತರ. ಎಲ್ಲ ರಬ್ಬರ್ ಹೋಸು ಬದಲಿಸಿ. ಐದಾರು ವರ್ಷ ಮೀರಿದ ಗಟ್ಟಿ ಟೈರನ್ನು ಕಿತ್ತು ಹೊಸತು ಹಾಕಿ, ನಿಲ್ಲುವ ದೂರ ನಿಜವಾಗಿ ಕಡಿಮೆಯಾಗುವುದು ಅದರಿಂದ. ಆಮೇಲೂ ಹಣ ಉಳಿದರೆ ಮುಂದೆ ಡಿಸ್ಕ್. ಈಗಾಗಲೇ ಹಿಂದೆ ಡಿಸ್ಕ್ ಹಾಕಿಸಿ ಹ್ಯಾಂಡ್ ಬ್ರೇಕ್ ಕಳೆದುಕೊಂಡವರು ಬಿಚ್ಚಿದ ಡ್ರಮ್ಮನ್ನು ಗುಜರಿಗೆ ಹಾಕಿರದಿದ್ದರೆ ಬ್ಯಾಕಿಂಗ್ ಪ್ಲೇಟು, ಲಿವರು, ಸ್ಪ್ರಿಂಗು, ಕೇಬಲ್ ಎಲ್ಲ ಹುಡುಕಿ ಒಂದೆಡೆ ಕೂಡಿಡಿ. ಮತ್ತೆ ಜೋಡಿಸಲು ಒಳ್ಳೆಯ ಮೆಕ್ಯಾನಿಕ್ಕಿಗೆ ಒಂದು ದಿನ ಸಾಕು.